ಗಾಳಿ ನಿಂತ ಮೇಲೆ ಬರುವ ಸಾವು

2017ರ ಸೆಪ್ಟೆಂಬರ್ 20ರ ಬೆಳಿಗ್ಗೆ ಮರಿಯಾ ಚಂಡಮಾರುತ ಕೆರಿಬಿಯನ್ ಕಡಲಿನಲ್ಲಿರುವ, ಅಮೆರಿಕಕ್ಕೆ ಸೇರಿದ ಪೋರ್ಟೊರಿಕೊ ದ್ವೀಪದ ಆಗ್ನೇಯ ತೀರದ ಯಬುಕೋವಾ ಬಳಿ ನೆಲ ಮುಟ್ಟಿತು. ಗಂಟೆಗೆ ಸುಮಾರು 250 ಕಿಲೊಮೀಟರ್ ವೇಗದ ಗಾಳಿ ಇಡೀ ದ್ವೀಪವನ್ನು ಓರೆಯಾಗಿ ಸೀಳಿಕೊಂಡು ಹೋಗಲು ಒಂದು ಹಗಲು ಸಾಕಾಯಿತು. ಸತ್ತವರು 64 ಮಂದಿ ಎಂದು ಸರ್ಕಾರ ತಿಂಗಳುಗಟ್ಟಲೆ ಹೇಳುತ್ತಾ ಬಂತು. ಮರುವರ್ಷ ಆಗಸ್ಟ್‌ನಲ್ಲಿ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಅಧ್ಯಯನ ಪ್ರಕಟವಾದಾಗ ಆ ಸಂಖ್ಯೆ 2,975 ಆಯಿತು. ಸರ್ಕಾರ ಕೊನೆಗೆ ಅದನ್ನೇ ಒಪ್ಪಿಕೊಂಡಿತು.

ಈ ಎರಡು ಸಂಖ್ಯೆಗಳ ನಡುವೆ ಸುಮಾರು 2,900 ಜನರಿದ್ದಾರೆ. ಅವರಲ್ಲಿ ಬಹುಪಾಲು ಮಂದಿ ಹಾರಿಬಂದ ತಗಡಿಗೆ ಸಿಕ್ಕಿ ಸತ್ತವರಲ್ಲ, ನೆರೆಯಲ್ಲಿ ಕೊಚ್ಚಿಹೋದವರೂ ಅಲ್ಲ. ಗಾಳಿ ನಿಂತು ವಾರ, ತಿಂಗಳು ಕಳೆದ ಮೇಲೆ ಮನೆಯಲ್ಲೋ, ಕತ್ತಲು ಕವಿದ ಆಸ್ಪತ್ರೆಯಲ್ಲೋ ಸತ್ತವರು. ಹಾರ್ವರ್ಡ್‌ನ ತಂಡವೊಂದು 3,299 ಮನೆಗಳಿಗೆ ಹೋಗಿ ವಿಚಾರಿಸಿದಾಗ, ಚಂಡಮಾರುತದ ನಂತರದ ಸಾವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಚಿಕಿತ್ಸೆ ತಡವಾದದ್ದು ಅಥವಾ ನಡುವೆ ನಿಂತುಹೋದದ್ದೇ ಕಾರಣ ಎಂದು ಮನೆಯವರು ಹೇಳಿದ್ದರು. ಔಷಧ ಸಿಗದಿರುವುದು, ಉಸಿರಾಟದ ಯಂತ್ರಕ್ಕೆ ವಿದ್ಯುತ್ ಇಲ್ಲದಿರುವುದು, ಆಸ್ಪತ್ರೆ ಮುಚ್ಚಿರುವುದು, ವೈದ್ಯರಿಲ್ಲದಿರುವುದು, ದಾರಿ ಇಲ್ಲದಿರುವುದು ಎಲ್ಲವೂ ಆ ಪಟ್ಟಿಯಲ್ಲಿದ್ದವು.

ಪರಿಹಾರ ಕಾರ್ಯವೆಂದರೆ ಹೆಲಿಕಾಪ್ಟರ್, ದೋಣಿ, ಬ್ಯಾಂಡೇಜು, ನಂಜುನಿರೋಧಕ ಎಂಬ ಚಿತ್ರ ನಮ್ಮ ಕಣ್ಣಲ್ಲಿ ಗಟ್ಟಿಯಾಗಿ ಕೂತಿದೆ. ಮೊದಲ ಎರಡು ಮೂರು ದಿನಗಳ ಮಟ್ಟಿಗೆ ಆ ಚಿತ್ರ ಸುಳ್ಳಲ್ಲ. ನಾಲ್ಕನೆಯ ದಿನದಿಂದ ಬೇಡಿಕೆ ಬದಲಾಗುತ್ತದೆ. ಪರಿಹಾರ ಶಿಬಿರದ ಮೇಜಿನ ಮುಂದೆ ನಿಲ್ಲುವವರು ಕೇಳುವುದು ಬಿಪಿ ಮಾತ್ರೆ, ಇನ್ಸುಲಿನ್, ಥೈರಾಯ್ಡ್ ಮಾತ್ರೆ, ಮೂರ್ಛೆರೋಗದ ಔಷಧ, ಆಸ್ತಮಾದ ಇನ್ಹೇಲರ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ, ಮಾನಸಿಕ ಕಾಯಿಲೆಯ ಮಾತ್ರೆ. ಇವನ್ನೆಲ್ಲ ನಾವು ತುರ್ತು ಔಷಧ ಎಂದು ಕರೆಯುವುದೇ ಇಲ್ಲ. ಆದರೆ ಮೂರ್ಛೆರೋಗದ ಮಾತ್ರೆ ಥಟ್ಟನೆ ನಿಂತರೆ ಫಿಟ್ಸ್ ಮರುಕಳಿಸುತ್ತದೆ. ಟೈಪ್ 1 ಮಧುಮೇಹದ ಮಗುವಿಗೆ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಪ್ರಾಣಕ್ಕೆ ಸಂಚಕಾರ. ಮೆಥಡೋನ್ ಎಂಬ ಔಷಧದ ಮೇಲೆ ಬದುಕುವ ವ್ಯಸನಮುಕ್ತಿ ಚಿಕಿತ್ಸೆಯವರ ಕೇಂದ್ರ ಒಂದು ದಿನ ಬಾಗಿಲು ಮುಚ್ಚಿದರೂ ಅವರ ಒದ್ದಾಟ ಶುರುವಾಗುತ್ತದೆ. ತುರ್ತು ಎಂಬ ಪದದ ಅರ್ಥವನ್ನೇ ನಾವು ತಪ್ಪಾಗಿ ಹಿಡಿದಿದ್ದೇವೆ ಎಂಬುದು ನನ್ನ ಖಚಿತ ಅಭಿಪ್ರಾಯ, ಮತ್ತು ಈ ತಪ್ಪಿಗೆ ಜನ ಜೀವ ತೆರುತ್ತಿದ್ದಾರೆ.

ಮರಿಯಾದ ವೇಳೆ ಔಷಧ ದ್ವೀಪಕ್ಕೆ ಬರಲೇ ಇಲ್ಲವೆಂದಲ್ಲ. ಸ್ಯಾನ್ ಹುವಾನ್ ಬಂದರಿನಲ್ಲಿ ಸುಮಾರು ಹತ್ತು ಸಾವಿರ ಕಂಟೇನರ್‌ಗಳು ಸಾಮಾನು ತುಂಬಿಕೊಂಡು ನಿಂತಿದ್ದವು. ಅವನ್ನು ಒಳನಾಡಿಗೆ ಒಯ್ಯಲು ಲಾರಿಗೆ ಡೀಸೆಲ್ ಇರಲಿಲ್ಲ, ರಸ್ತೆಯ ಮೇಲೆ ಮರ, ಮಣ್ಣು ಬಿದ್ದಿತ್ತು. ಮೊಬೈಲ್ ಗೋಪುರಗಳಲ್ಲಿ ಶೇ 95ರಷ್ಟು ಸ್ತಬ್ಧವಾಗಿದ್ದರಿಂದ ಚಾಲಕರನ್ನು ಕರೆಯಲೂ ದಾರಿ ಇರಲಿಲ್ಲ. ಅದಕ್ಕೂ ಮೊದಲೇ ಇನ್ನೊಂದು ಪೆಟ್ಟು ಬಿದ್ದಿತ್ತು. ಅಮೆರಿಕದ ವಿಪತ್ತು ನಿರ್ವಹಣಾ ಸಂಸ್ಥೆಯಾದ ಫೀಮಾ ಪೋರ್ಟೊರಿಕೊದಲ್ಲಿ ಒಂದು ಗೋದಾಮು ಇಟ್ಟುಕೊಂಡಿತ್ತು. ಎರಡು ವಾರ ಮೊದಲು ಇರ್ಮಾ ಚಂಡಮಾರುತ ಬೀಸಿದಾಗ ಅದರ ದಾಸ್ತಾನಿನ ಶೇ 80ಕ್ಕಿಂತ ಹೆಚ್ಚು ಭಾಗ ಪಕ್ಕದ ವರ್ಜಿನ್ ದ್ವೀಪಗಳಿಗೆ ಹೊರಟುಹೋಗಿತ್ತು. ಅದು ಮತ್ತೆ ತುಂಬುವಷ್ಟರಲ್ಲಿ ಮರಿಯಾ ಬಂದಾಗಿತ್ತು. ಒಂದು ಋತುವಿಗೆ ಒಂದೇ ಚಂಡಮಾರುತ ಎಂಬ ಲೆಕ್ಕದಲ್ಲಿ ಕಟ್ಟಿದಂತಿದ್ದ ಗೋದಾಮು ಅದು. ಕಡಲಿನ ನೀರು ಹಿಂದಿಗಿಂತ ಬಿಸಿಯಾಗಿರುವ ಕಾಲದಲ್ಲಿ ಆ ಲೆಕ್ಕವನ್ನು ನಂಬಿ ಕೂರಲಾಗದು.

ಪೋರ್ಟೊರಿಕೊಗೆ ಸೇರಿದ ವಿಯೆಕೆಸ್ ಎಂಬ ಪುಟ್ಟ ದ್ವೀಪದ ಡಯಾಲಿಸಿಸ್ ರೋಗಿಗಳ ಪಾಡು ನನ್ನನ್ನು ಬಹಳ ಕಾಡುತ್ತದೆ. ಅಲ್ಲಿದ್ದ ಒಂದೇ ಆಸ್ಪತ್ರೆ ಮರಿಯಾದಿಂದ ಹಾಳಾಯಿತು, ಡಯಾಲಿಸಿಸ್ ಘಟಕವೂ ಅದರೊಂದಿಗೇ ಹೋಯಿತು. ಮೂತ್ರಪಿಂಡ ಸೋತವರು ವಾರಕ್ಕೆ ಮೂರು ಸಲ ಸಣ್ಣ ವಿಮಾನ ಹತ್ತಿ ಮುಖ್ಯ ದ್ವೀಪಕ್ಕೆ ಹೋಗಿ, ನಾಲ್ಕು ತಾಸು ಯಂತ್ರಕ್ಕೆ ಅಂಟಿಕೊಂಡಿದ್ದು, ಮರಳಿ ಬರಬೇಕಾಯಿತು. ಒಂದು ಸಲದ ಡಯಾಲಿಸಿಸ್‌ಗೆ 120 ಲೀಟರಿಗೂ ಹೆಚ್ಚು ಶುದ್ಧ ನೀರು ಬೇಕು. ವಿದ್ಯುತ್ತೂ ನೀರೂ ಇಲ್ಲದ ಊರಿನಲ್ಲಿ ಆ ಚಿಕಿತ್ಸೆಯನ್ನು ಪೆಟ್ಟಿಗೆಯಲ್ಲಿ ತುಂಬಿ ಕಳಿಸಲು ಬರುವುದಿಲ್ಲ.

ಸಾಗಣೆಯಷ್ಟೇ ಕಷ್ಟದ್ದು ಮಾಹಿತಿ. ಇದನ್ನು ಅಮೆರಿಕ ಕಲಿತದ್ದು 2005ರ ಕತ್ರಿನಾ ಚಂಡಮಾರುತದಲ್ಲಿ. ಆಗಸ್ಟ್ 29ರ ನಂತರ ನ್ಯೂ ಆರ್ಲಿಯನ್ಸ್ ನಗರದ ಶೇ 80ರಷ್ಟು ಭಾಗ ಮುಳುಗಿತು. ಸಾವಿರಾರು ಜನ ಬಸ್ಸುಗಳಲ್ಲಿ ಹ್ಯೂಸ್ಟನ್‌ನ ಆಸ್ಟ್ರೋಡೋಮ್ ಕ್ರೀಡಾಂಗಣಕ್ಕೆ ಬಂದಿಳಿದರು. ಮಾತ್ರೆಯ ಡಬ್ಬಿ ನೀರುಪಾಲಾಗಿತ್ತು, ವೈದ್ಯರ ಕಡತ ನೀರಿನಡಿಯಲ್ಲಿತ್ತು, ಔಷಧದಂಗಡಿ ಮುಳುಗಿತ್ತು. ನೀವು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಬಿಳಿ ಮಾತ್ರೆ, ಬೆಳಿಗ್ಗೆ ಒಂದು ಎನ್ನುವುದಕ್ಕಿಂತ ಹೆಚ್ಚು ಹೇಳಲು ಎಷ್ಟೋ ಜನರಿಗೆ ಆಗಲಿಲ್ಲ. ನಿವೃತ್ತ ಸೈನಿಕರ ಆಸ್ಪತ್ರೆಗಳ ರೋಗಿಗಳದ್ದು ಮಾತ್ರ ಬೇರೆ ಕಥೆ. ಅವರ ದಾಖಲೆ ಗಣಕೀಕೃತವಾಗಿದ್ದುದರಿಂದ ಅವರು ಹೋದ ಊರಿನಲ್ಲಿ ತೆರೆದು ನೋಡುವುದು ಸಾಧ್ಯವಾಯಿತು. ಉಳಿದವರಿಗಾಗಿ ಔಷಧ ಮಾರಾಟ ಸರಪಳಿಗಳು ಮತ್ತು ವಿಮಾ ವ್ಯವಸ್ಥೆಯ ಬಳಿ ಇದ್ದ ಮಾರಾಟದ ದಾಖಲೆಗಳನ್ನು ಕೂಡಿಸಿ, ವೈದ್ಯರು ನೋಡಬಹುದಾದ ತಾಣವೊಂದನ್ನು ಕೆಲವೇ ವಾರಗಳಲ್ಲಿ ಕಟ್ಟಿದರು. ಅಂಗಡಿಯ ಬಿಲ್ಲೇ ರೋಗಿಯ ನೆನಪಾಯಿತು.

ಆಮೇಲೆ ಬಂದ ವ್ಯವಸ್ಥೆಗಳಲ್ಲಿ ಕೆಲವು ನಿಜಕ್ಕೂ ಮೆಚ್ಚತಕ್ಕವು. ಚಂಡಮಾರುತದ ಪ್ರದೇಶದಲ್ಲಿ ಯಾವ ಔಷಧದಂಗಡಿ ತೆರೆದಿದೆ, ಯಾವುದು ಮುಚ್ಚಿದೆ ಎಂದು ತೋರಿಸುವ ನಕ್ಷೆ ಈಗ ಇದೆ. ವಿಮೆ ಇಲ್ಲದವರಿಗೆ 30 ದಿನಗಳ ಔಷಧವನ್ನು ಉಚಿತವಾಗಿ ಕೊಡಿಸುವ ಒಕ್ಕೂಟ ಸರ್ಕಾರದ ಯೋಜನೆಯಿದೆ. ಇವೆಲ್ಲಕ್ಕಿಂತ ನನಗೆ ಹಿಡಿಸಿದ್ದು ಫ್ಲಾರಿಡಾದ ಒಂದು ಸರಳ ಕಾನೂನು. ಅಮೆರಿಕದಲ್ಲಿ ವಿಮಾ ಕಂಪನಿ ಹಿಂದಿನ ತಿಂಗಳ ಮಾತ್ರೆ ಮುಗಿಯುವ ಹೊತ್ತಿಗೆ ಮಾತ್ರ ಮುಂದಿನ ತಿಂಗಳದಕ್ಕೆ ಹಣ ಕೊಡುತ್ತದೆ. ಮೊದಲೇ ಕೇಳಿದರೆ ಇಲ್ಲವೆನ್ನುತ್ತದೆ. ಫ್ಲಾರಿಡಾದಲ್ಲಿ ಚಂಡಮಾರುತದ ಎಚ್ಚರಿಕೆ ಹೊರಟ ಕೌಂಟಿಗಳಲ್ಲಿ ಈ ತಡೆಯನ್ನು ಬಿಡಲೇಬೇಕು, ಇನ್ನೂ 30 ದಿನಗಳ ಔಷಧ ಕೊಡಲೇಬೇಕು. ಗಾಳಿ ಬರುವ ಮುನ್ನವೇ ಔಷಧ ರೋಗಿಯ ಕೈಚೀಲ ಸೇರುತ್ತದೆ. ಲಾರಿ, ಹೆಲಿಕಾಪ್ಟರ್, ಗೋದಾಮು ಯಾವುದೂ ಬೇಡದ ಸಾಗಣೆ ಇದು. ಖರ್ಚೂ ಹೆಚ್ಚಿಲ್ಲ, ಹೇಗೂ ಕೊಡಬೇಕಾದ ಔಷಧವನ್ನು ಎರಡು ವಾರ ಮೊದಲು ಕೊಟ್ಟಂತೆ. ಆದರೂ ಎಲ್ಲ ರಾಜ್ಯಗಳ ನಿಯಮ ಒಂದೇ ತೆರನಾಗಿಲ್ಲ. ಎಷ್ಟೋ ಕಡೆ ವಿಪತ್ತು ಘೋಷಣೆಯಾದ ಮೇಲಷ್ಟೇ ಸಡಿಲಿಕೆ ಸಿಗುತ್ತದೆ, ಅಷ್ಟರಲ್ಲಿ ಅಂಗಡಿಯಲ್ಲಿ ವಿದ್ಯುತ್ ಇರುವುದಿಲ್ಲ, ವಿಮೆಯ ಕಂಪ್ಯೂಟರ್ ಜಾಲ ಕಡಿದಿರುತ್ತದೆ.

ಇನ್ಸುಲಿನ್ ಕುರಿತು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇಲ್ಲಿ ಅರೆಜ್ಞಾನವೇ ಹೆಚ್ಚು ಹಾನಿ ಮಾಡುತ್ತದೆ. ತೆರೆಯದ ಇನ್ಸುಲಿನ್ ಸೀಸೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಫ್ರಿಜ್ ನಿಂತ ಕೂಡಲೇ ಇನ್ಸುಲಿನ್ ಕೆಟ್ಟಿತೆಂದು ಜನ ಎಸೆಯುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುವುದು ಬೇರೆ: 15ರಿಂದ 30 ಡಿಗ್ರಿಯ ನಡುವೆ ಇದ್ದರೆ ಫ್ರಿಜ್ ಇಲ್ಲದೆಯೂ 28 ದಿನಗಳವರೆಗೆ ಬಳಸಬಹುದು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಕಾಕ್ರೇನ್ ಸಂಸ್ಥೆ 2023ರಲ್ಲಿ ಪ್ರಕಟಿಸಿದ ಪರಾಮರ್ಶೆ ಇನ್ನೂ ಮುಂದೆ ಹೋಗಿ, ಕೆಲವು ಬಗೆಯ ಹ್ಯೂಮನ್ ಇನ್ಸುಲಿನ್‌ನ ತೆರೆಯದ ಸೀಸೆಗಳು 25 ಡಿಗ್ರಿಯಲ್ಲಿ ಆರು ತಿಂಗಳು, 37 ಡಿಗ್ರಿಯಲ್ಲಿ ಎರಡು ತಿಂಗಳು ಗಮನಾರ್ಹವಾಗಿ ಶಕ್ತಿ ಕಳೆದುಕೊಳ್ಳುವುದಿಲ್ಲ ಎಂದು ಕಂಡುಕೊಂಡಿದೆ. ನೀರು ಜಿನುಗುವ ಮಣ್ಣಿನ ಮಡಕೆಯೇ ಸಾಕಷ್ಟು ತಂಪು ಕೊಡುತ್ತದೆ. ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆಯನ್ನು ವಿಪತ್ತು ವೈದ್ಯರು ಈಗ ಬಿಸಿ ನಾಡುಗಳ ಶಿಬಿರಗಳಲ್ಲಿ ಬಳಸುತ್ತಿದ್ದಾರೆ. ಇನ್ಸುಲಿನ್‌ನ ನಿಜವಾದ ಶತ್ರು ಹೆಪ್ಪುಗಟ್ಟುವಿಕೆ. ಕಾಳಜಿಯಿಂದಲೇ ಸೀಸೆಯನ್ನು ನೇರವಾಗಿ ಮಂಜುಗಡ್ಡೆಯ ಮೇಲಿಡುವ ಸ್ವಯಂಸೇವಕ ಅದನ್ನು ಪೂರ್ತಿ ಹಾಳು ಮಾಡಿಬಿಡಬಹುದು, ಮತ್ತು ಒಮ್ಮೆ ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ ನೋಡಲು ಸರಿಯಾಗಿಯೇ ಕಾಣಬಹುದು.

ಇನ್ನೊಂದು ಅಪಾಯ ನಮ್ಮವರಿಗೇ ಹೆಚ್ಚು ಸಂಬಂಧಿಸಿದ್ದು. ಹ್ಯೂಸ್ಟನ್, ಟ್ಯಾಂಪಾ, ಷಾರ್ಲಟ್, ರಾಲಿ ಎಲ್ಲವೂ ಚಂಡಮಾರುತದ ಗಾಳಿ ಮಳೆ ತಲುಪುವ ಊರುಗಳು, ಎಲ್ಲ ಕಡೆಯೂ ಕನ್ನಡದ ಮನೆಗಳಿವೆ. ಮಗನ ಮನೆಗೋ ಮಗಳ ಬಾಣಂತನಕ್ಕೋ ಹೋಗುವ ಅಪ್ಪ ಅಮ್ಮ ಆರು ತಿಂಗಳ ಮಾತ್ರೆಯನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗುತ್ತಾರೆ. ಚಂಡಮಾರುತಕ್ಕೆ ಮನೆ ಬಿಟ್ಟು ಓಡುವಾಗ ಆ ಚೀಲ ಮರೆತುಹೋದರೆ ಏನಾಗುತ್ತದೆ ಎಂದು ಯೋಚಿಸಿ. ಬೆಂಗಳೂರಿನ ಕಂಪನಿ ತಯಾರಿಸುವ ಡೋಲೋ 650 ನಮಗೆ ಮನೆಮಾತು. ಅಲ್ಲಿನ ಫಾರ್ಮಾಸಿಸ್ಟರಿಗೆ ಡೋಲೋ ಎಂದರೆ ತಿಳಿಯುವುದಿಲ್ಲ, ಅವರು ಪ್ಯಾರಸಿಟಮಾಲ್‌ಗೆ ಬಳಸುವ ಹೆಸರೂ ಬೇರೆ, ಅಸಿಟಮಿನೋಫೆನ್. ಜ್ವರದ ಮಾತ್ರೆಯಾದರೆ ಹೇಗೋ ನಡೆದೀತು. ಇಲ್ಲಿ ಸಕ್ಕರೆ ಕಾಯಿಲೆಗೆ ಧಾರಾಳವಾಗಿ ಬರೆಯುವ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಕೂಡಿದ ಒಂದೇ ಮಾತ್ರೆ ಅಲ್ಲಿನ ಮಾರುಕಟ್ಟೆಯಲ್ಲಿಲ್ಲ, ಎರಡನ್ನೂ ಬೇರೆ ಬೇರೆಯಾಗಿ ಕೊಡಬೇಕು. ಅದಕ್ಕೆ ಮಾತ್ರೆಯೊಳಗಿನ ಮೂಲ ಔಷಧದ ಹೆಸರು, ಎಷ್ಟು ಮಿಲಿಗ್ರಾಂ ಎಂಬುದು ಗೊತ್ತಿರಬೇಕು.

ಇನ್ಸುಲಿನ್‌ನಲ್ಲಿ ಈ ವ್ಯತ್ಯಾಸ ಪ್ರಾಣಾಂತಿಕವಾಗಬಲ್ಲದು. ಭಾರತದಲ್ಲಿ ಸೀಸೆಯ ಇನ್ಸುಲಿನ್ ಬಹುಮಟ್ಟಿಗೆ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ, ಅಮೆರಿಕದಲ್ಲಿ 100 ಯೂನಿಟ್. ಸಿರಿಂಜಿನ ಗೆರೆಗಳೂ ಅದಕ್ಕೆ ತಕ್ಕಂತೆ ಬೇರೆ. ಇಲ್ಲಿಂದ ಒಯ್ದ ಸಿರಿಂಜಿನಲ್ಲಿ ಅಲ್ಲಿನ ಇನ್ಸುಲಿನ್ ತುಂಬಿ 20ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಸಕ್ಕರೆ ಕುಸಿದು ಪ್ರಜ್ಞೆ ತಪ್ಪಲು ಅಷ್ಟು ಸಾಕು. ಅದಲುಬದಲಾಗಿ ಇಲ್ಲಿನ ಸೀಸೆ, ಅಲ್ಲಿನ ಸಿರಿಂಜು ಆದರೆ 20ಕ್ಕೆ ಬದಲು ಎಂಟೇ ಯೂನಿಟ್. ದೇಶದಿಂದ ದೇಶಕ್ಕೆ ಇನ್ಸುಲಿನ್ ದಾನ ಕಳಿಸುವವರು ಸೀಸೆಗೆ ಹೊಂದುವ ಸಿರಿಂಜನ್ನೂ ಜೊತೆಗೇ ಕಳಿಸಬೇಕು ಎನ್ನುವುದು ಇದೇ ಕಾರಣಕ್ಕೆ. ಪರ ಊರಿಗೆ ಹೋಗಿರುವ ಹಿರಿಯರ ಔಷಧದ ಪಟ್ಟಿಯನ್ನು ಮೂಲ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಬರೆದು, ಒಂದು ಪ್ರತಿ ಅವರ ಪಾಸ್‌ಪೋರ್ಟಿನ ಜೊತೆ, ಇನ್ನೊಂದರ ಚಿತ್ರ ಮಗನ ಮೊಬೈಲಿನಲ್ಲಿ ಇಡಿ. ಹತ್ತು ನಿಮಿಷದ ಕೆಲಸ.

ಇಲ್ಲಿಯವರೆಗೆ ಹೇಳಿದ್ದು ಔಷಧ ಚಂಡಮಾರುತದ ಊರಿಗೆ ಹೋಗುವ ಕಷ್ಟ. ಚಂಡಮಾರುತವೇ ಔಷಧದ ಊರಿಗೆ ಹೋದರೆ?

2024ರ ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಚಂಡಮಾರುತ ಫ್ಲಾರಿಡಾದ ಕರಾವಳಿಗೆ ಅಪ್ಪಳಿಸಿತು. ಮರುದಿನ ಅದು ನೂರಾರು ಕಿಲೊಮೀಟರ್ ಒಳಗೆ, ಉತ್ತರ ಕೆರೊಲಿನಾದ ಪಶ್ಚಿಮದ ಬೆಟ್ಟಸಾಲಿನಲ್ಲಿ ಮಳೆ ಸುರಿಸಿ ಕಣಿವೆಗಳನ್ನೇ ಕೊಚ್ಚಿಹಾಕಿತು. ಆಶ್‌ವಿಲ್ ನಗರದ ನಲ್ಲಿಗಳಲ್ಲಿ ಮತ್ತೆ ಕುಡಿಯುವ ನೀರು ಬರಲು 53 ದಿನ ಹಿಡಿಯಿತು. ರಸ್ತೆ ಕಳೆದುಕೊಂಡ ಬೆಟ್ಟದ ಮನೆಗಳಿಗೆ ಇನ್ಸುಲಿನ್ ಸೇರಿದಂತೆ ಅಗತ್ಯ ವಸ್ತುಗಳು ಹೇಸರಗತ್ತೆಗಳ ಬೆನ್ನೇರಿ ಹೋದವು. ಅದೇ ಬೆಟ್ಟಗಳ ಮರಿಯನ್ ಪಟ್ಟಣದ ಸಮೀಪ, ನಾರ್ತ್ ಕೋವ್ ಎಂಬಲ್ಲಿ ಬಾಕ್ಸ್‌ಟರ್ ಕಂಪನಿಯ ಕಾರ್ಖಾನೆ ಇದೆ. ಕಟ್ಟೆ ಒಡೆದು ಅದರೊಳಗೆ ನೀರು ನುಗ್ಗಿತು, ಅಲ್ಲಿಗೆ ಹೋಗುವ ಸೇತುವೆಯೂ ಹಾಳಾಯಿತು. ನಾವು ಬಾಯಿಮಾತಿನಲ್ಲಿ ಗ್ಲೂಕೋಸ್ ಹಾಕಿದರು, ಡ್ರಿಪ್ ಹಾಕಿದರು ಎನ್ನುತ್ತೇವಲ್ಲ, ಆ ಸಲೈನ್ ಮತ್ತು ಡೆಕ್ಸ್‌ಟ್ರೋಸ್ ಚೀಲಗಳನ್ನು, ಮನೆಯಲ್ಲೇ ಮಾಡಿಕೊಳ್ಳುವ ಡಯಾಲಿಸಿಸ್‌ನ ದ್ರಾವಣವನ್ನು ತಯಾರಿಸುವ ಕಾರ್ಖಾನೆ ಅದು. ದಿನಕ್ಕೆ ಸುಮಾರು 15 ಲಕ್ಷ ಚೀಲ, ಅಮೆರಿಕ ಬಳಸುವ ಇಂತಹ ದ್ರಾವಣದಲ್ಲಿ ಸುಮಾರು ಶೇ 60.

ಒಂದು ಕಣಿವೆಗೆ ನೀರು ನುಗ್ಗಿದ್ದಕ್ಕೆ ಇಡೀ ದೇಶದ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಬಾಯಲ್ಲಿ ಕುಡಿಯಬಲ್ಲ ರೋಗಿಗೆ ಡ್ರಿಪ್ ಬೇಡ, ನೀರನ್ನೇ ಕುಡಿಸಿ ಎಂಬ ಸೂಚನೆ ಹೊರಟಿತು. ಕಂಪನಿ ಆಸ್ಪತ್ರೆಗಳಿಗೆ ಪಡಿತರದಂತೆ ಅಳೆದು ಹಂಚಿತು. ಕೆನಡಾ, ಮೆಕ್ಸಿಕೊ, ಐರ್ಲೆಂಡ್, ಬ್ರಿಟನ್, ಚೀನಾದ ಘಟಕಗಳಿಂದ ತರಿಸಿಕೊಳ್ಳಲು ಎಫ್‌ಡಿಎ ಅನುಮತಿ ಕೊಟ್ಟಿತು. ಎರಡೇ ವಾರದಲ್ಲಿ, ಅಕ್ಟೋಬರ್ 9ರಂದು, ಮಿಲ್ಟನ್ ಚಂಡಮಾರುತ ಫ್ಲಾರಿಡಾವನ್ನು ದಾಟುವುದಿತ್ತು, ಅದರ ದಾರಿಯಲ್ಲಿ ಡೇಟೋನಾ ಬೀಚ್‌ನಲ್ಲಿ ಇನ್ನೊಂದು ಕಂಪನಿ ಬಿ. ಬ್ರೌನ್‌ನ ಸಲೈನ್ ಘಟಕವಿತ್ತು. ಅಲ್ಲಿನ ದಾಸ್ತಾನನ್ನು ಸರ್ಕಾರದ ನೆರವಿನಿಂದ 60ಕ್ಕೂ ಹೆಚ್ಚು ಲಾರಿಗಳಲ್ಲಿ ಗಾಳಿಯ ದಾರಿಯಿಂದಾಚೆಗೆ ಸಾಗಿಸಿದರು. ಅದೃಷ್ಟಕ್ಕೆ ಆ ಘಟಕಕ್ಕೆ ದೊಡ್ಡ ಪೆಟ್ಟು ಬೀಳಲಿಲ್ಲ. ಬಿದ್ದಿದ್ದರೆ ಎಂದು ಊಹಿಸಿಕೊಂಡರೆ ಈಗಲೂ ಎದೆ ನಡುಗುತ್ತದೆ.

ಇದು ಹೊಸ ಪಾಠವೂ ಆಗಿರಲಿಲ್ಲ ಎಂಬುದೇ ನನ್ನ ಸಿಟ್ಟಿಗೆ ಕಾರಣ. ಏಳು ವರ್ಷ ಮೊದಲು ಮರಿಯಾ ಇದೇ ಬಾಕ್ಸ್‌ಟರ್ ಕಂಪನಿಯ ಪೋರ್ಟೊರಿಕೊ ಘಟಕಗಳನ್ನು ನಿಲ್ಲಿಸಿತ್ತು. ಇತರ ಔಷಧಗಳನ್ನು ಬೆರೆಸಿ ಕೊಡಲು ಬಳಸುವ ಸಣ್ಣ ಸಲೈನ್ ಚೀಲಗಳು ದೇಶದಾದ್ಯಂತ ಮಾಯವಾಗಿ, ಆ ಚಳಿಗಾಲದ ಫ್ಲೂ ಹಾವಳಿಯ ನಡುವೆ ದಾದಿಯರು ಆ್ಯಂಟಿಬಯೋಟಿಕ್ ಔಷಧವನ್ನು ಸಿರಿಂಜಿನಲ್ಲಿ ಎಳೆದುಕೊಂಡು ರೋಗಿಯ ಪಕ್ಕದಲ್ಲಿ ನಿಂತು ನಿಧಾನವಾಗಿ ರಕ್ತನಾಳಕ್ಕೆ ಏರಿಸಬೇಕಾಯಿತು. ಆಗಲೂ ಐರ್ಲೆಂಡ್ ಮತ್ತು ಆಸ್ಟ್ರೇಲಿಯಾದಿಂದ ಆಮದು ಮಾಡಿಕೊಂಡಿದ್ದರು.

ಹೀಗೇಕೆ ಎಲ್ಲವೂ ಒಂದೆರಡು ಕಡೆಯೇ ಕೂಡಿಕೊಂಡಿತು? ಪೋರ್ಟೊರಿಕೊದ ಮಟ್ಟಿಗೆ ಉತ್ತರ ತೆರಿಗೆ ವಿನಾಯಿತಿ. 1970ರ ದಶಕದಲ್ಲಿ ಬಂದ ಆ ವಿನಾಯಿತಿ 2006ರಲ್ಲಿ ಕೊನೆಗೊಂಡರೂ ಔಷಧ ಕಾರ್ಖಾನೆಗಳು ಸಾಕಷ್ಟು ಉಳಿದುಕೊಂಡವು. ಸಲೈನ್‌ನ ಮಟ್ಟಿಗೆ ಕಾರಣ ಇನ್ನೂ ಸರಳ. ಅದು ಉಪ್ಪು ನೀರು. ಲಾಭ ಕಡಿಮೆ, ತೂಕ ಹೆಚ್ಚು, ಆದರೆ ಒಂದು ಸೂಕ್ಷ್ಮಜೀವಿಯೂ ಸುಳಿಯದಂತೆ ತಯಾರಿಸುವ ಘಟಕಕ್ಕೆ ಬಂಡವಾಳ ಅಪಾರ. ಕಡಿಮೆ ದರಕ್ಕೆ ಸಗಟಾಗಿ ಕೊಳ್ಳುವ ಆಸ್ಪತ್ರೆಗಳ ಒಕ್ಕೂಟಗಳ ಎದುರು ಹೊಸಬರು ಕಾಲೂರಲಾರರು. ಇದ್ದ ಮೂರ್ನಾಲ್ಕು ಕಂಪನಿಗಳು ಇನ್ನೂ ದೊಡ್ಡ ಘಟಕ ಕಟ್ಟಿ ಖರ್ಚು ಇಳಿಸಿಕೊಂಡವು. ಚೀಲದ ಬೆಲೆ ಇಳಿಯಿತು, ಆ ಇಳಿಕೆಯಲ್ಲಿ ಪ್ರವಾಹದ ಅಪಾಯವನ್ನು ಯಾರೂ ಲೆಕ್ಕ ಹಾಕಲಿಲ್ಲ.

2025ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷರು ಸುಮಾರು 26 ಮುಖ್ಯ ಔಷಧಗಳ ಮೂಲದ್ರವ್ಯವನ್ನು ಆರು ತಿಂಗಳಿಗಾಗುವಷ್ಟು ಕೂಡಿಡಲು ಆದೇಶಿಸಿದರು. ವಿದೇಶದಿಂದ ಬರುವ ಕಚ್ಚಾ ಸಾಮಗ್ರಿ ನಿಂತರೆ ಇದು ಉಪಯೋಗಕ್ಕೆ ಬಂದೀತು. ಚಂಡಮಾರುತದ ಮುಂದೆ ಇದರ ಬಲ ಬಹಳ ಕಡಿಮೆ. ನಾರ್ತ್ ಕೋವ್‌ನಲ್ಲಿ ಕೊರತೆಯಾದದ್ದು ಉಪ್ಪೂ ಅಲ್ಲ, ನೀರೂ ಅಲ್ಲ, ಚೀಲ ತುಂಬುವ ಶುದ್ಧ ಕೋಣೆ. ಅಂತಹ ಕೋಣೆಗಳು ನಾಲ್ಕಾರು ರಾಜ್ಯಗಳಲ್ಲಿ ಹಂಚಿಹೋಗಿರಬೇಕಾದರೆ, ಚೀಲಕ್ಕೆ ಕೆಲವು ಸೆಂಟ್ ಹೆಚ್ಚು ಕೊಡಲು ಆಸ್ಪತ್ರೆಗಳೂ ವಿಮೆಯೂ ಸಿದ್ಧವಾಗಬೇಕು. ಅಗ್ಗದ ಟೆಂಡರಿಗೆ ಅಂಟಿಕೊಂಡು ಸುರಕ್ಷತೆ ಕೇಳುವುದು ನ್ಯಾಯವಲ್ಲ.

ಬಡ ದ್ವೀಪರಾಷ್ಟ್ರಗಳಿಗೆ ಈ ಆಯ್ಕೆಯೂ ಇಲ್ಲ. 2025ರ ಅಕ್ಟೋಬರ್ 28ರಂದು ಗಂಟೆಗೆ ಸುಮಾರು 295 ಕಿಲೊಮೀಟರ್ ವೇಗದ ಗಾಳಿಯೊಂದಿಗೆ ಜಮೈಕಾದ ನೈರುತ್ಯ ತೀರಕ್ಕೆ ಅಪ್ಪಳಿಸಿದ ಮೆಲಿಸ್ಸಾ ಅಲ್ಲಿನ ಪಶ್ಚಿಮ ಭಾಗದ ಆಸ್ಪತ್ರೆಗಳನ್ನು ಜಖಂಗೊಳಿಸಿತು. ಅಂತಹ ಕಡೆ ಮೊದಲು ತಲುಪುವುದು ಹೊರಗಿನಿಂದ ಬರುವ ಪೆಟ್ಟಿಗೆಗಳೇ. ವಿಶ್ವ ಆರೋಗ್ಯ ಸಂಸ್ಥೆಯ ತುರ್ತು ಆರೋಗ್ಯ ಕಿಟ್ ಹತ್ತು ಸಾವಿರ ಜನರಿಗೆ ಮೂರು ತಿಂಗಳಿಗಾಗುವಂತೆ ಲೆಕ್ಕ ಹಾಕಿ ಕಟ್ಟಿದ್ದು. ಬಹುಕಾಲ ಅದರ ಒತ್ತು ಸೋಂಕು, ಭೇದಿ, ಗಾಯಗಳ ಮೇಲಿತ್ತು. ರಕ್ತದೊತ್ತಡ, ಮಧುಮೇಹ, ಆಸ್ತಮಾದಂತಹ ಕಾಯಿಲೆಗಳಿಗೆ ಪ್ರತ್ಯೇಕ ಕಿಟ್ ಬಂದದ್ದು ಕಳೆದ ಹತ್ತು ವರ್ಷಗಳ ಆಚೀಚೆ. ತಡವಾಯಿತು, ಆದರೆ ಸರಿಯಾದ ದಿಕ್ಕು.

ಇದರ ಪಕ್ಕದಲ್ಲೇ ಇನ್ನೊಂದು ಬಗೆಯ ಪೆಟ್ಟಿಗೆಗಳೂ ಬಂದಿಳಿಯುತ್ತವೆ: ಯಾರೂ ಕೇಳದ ದಾನ. ಬೋಸ್ನಿಯಾ ಯುದ್ಧದ ಕಾಲದಲ್ಲಿ ಸುಮಾರು 17 ಸಾವಿರ ಟನ್ ನಿರುಪಯುಕ್ತ ಔಷಧ ಅಲ್ಲಿ ಗುಡ್ಡೆಬಿತ್ತು. 2004ರ ಸುನಾಮಿಯ ನಂತರ ಇಂಡೊನೇಷ್ಯಾದ ಅಚೆ ಪ್ರಾಂತಕ್ಕೆ ಸುಮಾರು ನಾಲ್ಕು ಸಾವಿರ ಟನ್ ಬಂತು, ಅವಧಿ ಮೀರಿದವು, ಸ್ಥಳೀಯರಿಗೆ ಓದಲು ಬಾರದ ಭಾಷೆಯ ಲೇಬಲ್‌ನವು ಅದರಲ್ಲಿ ಬೇಕಾದಷ್ಟಿದ್ದವು. ದಾನದ ಔಷಧಕ್ಕೆ ದೇಶ ಮುಟ್ಟುವಾಗ ಕನಿಷ್ಠ ಒಂದು ವರ್ಷದ ಆಯುಷ್ಯವಿರಬೇಕು, ಅಲ್ಲಿಯ ಅಗತ್ಯ ಔಷಧಗಳ ಪಟ್ಟಿಯಲ್ಲಿರಬೇಕು, ಅಲ್ಲಿನವರು ಓದಬಲ್ಲ ಭಾಷೆಯಲ್ಲಿ ಮೂಲ ಹೆಸರಿರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1996ರಿಂದಲೂ ಹೇಳುತ್ತಿದೆ. ನೆರೆ ಬಂದಾಗ ಅಮೆರಿಕದ ಕನ್ನಡ ಕೂಟಗಳೂ ಇಲ್ಲಿನ ಸಂಘಗಳೂ ಮನೆ ಮನೆಯಿಂದ ಉಳಿದ ಮಾತ್ರೆ ಸಂಗ್ರಹಿಸಲು ಹೊರಡುವುದುಂಟು. ಆ ಪ್ರೀತಿಯ ಬಗ್ಗೆ ನನಗೆ ಗೌರವವಿದೆ, ಆದರೆ ಮಾತ್ರೆಗಳನ್ನು ದಯವಿಟ್ಟು ಕಳಿಸಬೇಡಿ. ಅರ್ಧ ಬಳಸಿದ ಪಟ್ಟಿಗಳು ತುಂಬಿದ ಒಂದು ಚೀಲ ವಿಂಗಡಿಸಲು ಫಾರ್ಮಾಸಿಸ್ಟರೊಬ್ಬರ ಒಂದು ಮಧ್ಯಾಹ್ನ ಬೇಕು, ಅಷ್ಟು ಹೊತ್ತು ಅವರ ಮೇಜಿನ ಮುಂದೆ ಇನ್ಸುಲಿನ್‌ಗಾಗಿ ಜನ ನಿಂತಿರುತ್ತಾರೆ. ಅದರ ಬದಲು ದುಡ್ಡನ್ನು ಆ ಊರಿನಲ್ಲಿ ಜನರೇಟರ್ ಇಟ್ಟುಕೊಂಡು ಬಾಗಿಲು ತೆರೆದಿರುವ ಔಷಧದಂಗಡಿಯ ಸಾಲದ ಖಾತೆ ತೀರಿಸಲು ಕೊಡಿ. ಕಾರ್ಡು ನಡೆಯದ, ಕೈಯಲ್ಲಿ ನಗದಿಲ್ಲದ ವಾರದಲ್ಲಿ ಯಾರಿಗೆ ಯಾವ ಮಾತ್ರೆ ಎಂಬುದನ್ನು ನೆನಪಿನಿಂದಲೇ ಎಣಿಸಿ ಕೊಟ್ಟು, ಹಣವನ್ನು ನೋಟುಪುಸ್ತಕದಲ್ಲಿ ಬರೆದಿಟ್ಟುಕೊಂಡಿರುವವರು ಅವರೇ.